ಮರದ ಬಾಕ್ಸ್ ಹೋಯ್ತು, ಮೆಟಲ್ ಬಾಕ್ಸ್ ಬಂತು, ಅರ್ಥಿಂಗ್ ಮಾತ್ರ ಬರಲಿಲ್ಲ

"ಒದ್ದೆ ಬಟ್ಟೆ ತಗೊಂಡು ಬೋರ್ಡ್ ಒರೆಸ್ತಿದ್ದೆ ಕಣಪ್ಪಾ. ಮೊಣಕೈವರೆಗೂ ಝಾಡಿಸಿ ಒದ್ದಂಗಾತು."

ಅಕ್ಕಾರು ಹೇಳಿದ್ದು ಇಷ್ಟೇ. ಮೇಷ್ಟ್ರು ಪಕ್ಕದಲ್ಲೇ ನಿಂತು, "ಸ್ವಿಚ್ ಹಾಕಿಸಿ ಇನ್ನೂ ಮೂರು ವಾರ ಆಗಿಲ್ಲ. ಮಾಲೇ ಸರಿ ಇಲ್ಲ ಅನ್ಸುತ್ತೆ" ಅಂದರು. ಮಾಲು ಸರಿಯಾಗೇ ಇತ್ತು. ತಪ್ಪು ಎಲ್ಲಿತ್ತು ಅಂತ ಹುಡುಕಲು ಎಲೆಕ್ಟ್ರಿಷಿಯನ್ ಆದ ನನಗೆ ಒಂದು ದಿನ ಹಿಡಿಯಿತು, ಸರಿ ಮಾಡಲು ನಾಲ್ಕು ದಿನ. ಹೊಸ ಸ್ವಿಚ್ ಹಾಕಿಸುವ ಮನೆಗಳಲ್ಲಿ ಇದು ಆಗಾಗ ಕಾಣುವ ಕಥೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಮನೆ

ಹಳೇ ದಾವಣಗೆರೆಯಲ್ಲಿ, ದುರ್ಗಾಂಬಿಕಾ ಗುಡಿಯಿಂದ ಐದಾರು ನಿಮಿಷ ನಡೆದರೆ ಸಿಗುವ ಮನೆ. 1986ರಲ್ಲಿ ಕಟ್ಟಿದ್ದು. ಕೆಳಗೆ ನಿವೃತ್ತ ಕನ್ನಡ ಮೇಷ್ಟ್ರು ಮತ್ತು ಅಕ್ಕಾರು. ಮೇಲೆ ಬಾಡಿಗೆಯವರು, ಅವರಿಗೆ ಬೇರೆ ಮೀಟರ್. ವೈರಿಂಗ್ ಗೋಡೆಯೊಳಗಿನ ಪೈಪಿನಲ್ಲಿ ಹೋಗಿದೆ. ಬೋರ್ಡ್‌ಗಳು ಮಾತ್ರ ಆ ಕಾಲದ್ದು: ಗೋಡೆಯಲ್ಲಿ ಹುದುಗಿಸಿದ ಮರದ ಬಾಕ್ಸ್, ಮೇಲೆ ಹೈಲಂ ಶೀಟ್, ಅದರ ಮೇಲೆ ಪಿಯಾನೋ ಸ್ವಿಚ್. ಒತ್ತಿದರೆ ಪಕ್ಕದ ಮನೆಗೂ ಕೇಳುವಂಥ ಟಕ್ ಸದ್ದು.

ದಸರಾಕ್ಕೆ ಮನೆಗೆ ಬಣ್ಣ ಹೊಡೆಸಿದರು. ಬಣ್ಣ ಹೊಸದು, ಬೋರ್ಡ್ ಹಳೇದು ಅಂದರೆ ಕಣ್ಣಿಗೆ ಚುಚ್ಚುತ್ತದೆ. ಬೆಂಗಳೂರಲ್ಲಿರುವ ಮಗ ಮಾಡ್ಯುಲರ್ ಸ್ವಿಚ್ ತರಿಸಿ ಕಳಿಸಿದ. ಒಟ್ಟು ಹದಿನಾಲ್ಕು ಬೋರ್ಡ್. ಪೇಂಟರ್ ಕರೆತಂದ ಒಬ್ಬ ಹುಡುಗ ಎರಡು ದಿನದಲ್ಲಿ ಮರದ ಬಾಕ್ಸ್ ಕಿತ್ತು, ಆ ಜಾಗಕ್ಕೆ ತಗಡಿನ ಮೆಟಲ್ ಬಾಕ್ಸ್ ಕೂರಿಸಿ, ಎಲ್ಲಾ ಮುಗಿಸಿ ಹೋದ. ಕೆಲಸ ನೋಡಲು ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ಒಂದು ಪ್ಲೇಟೂ ಸೊಟ್ಟ ಇರಲಿಲ್ಲ.

ಅಡುಗೆಮನೆಯ ಶಾಕ್ ಬಿಟ್ಟು ಬೇರೇನಾದರೂ ಇದೆಯಾ ಅಂತ ಕೇಳಿದೆ. ಮೊದಲು ಇಲ್ಲ ಅಂದರು. ಹೀಗೆ ಕೇಳಿದಾಗ ಎಲ್ಲರೂ ಮೊದಲು ಇಲ್ಲ ಅಂತಲೇ ಅನ್ನುತ್ತಾರೆ. ಟೀ ಕುಡಿಯುವಾಗ ಒಂದೊಂದೇ ಹೊರಬಂತು. ಫ್ರಿಜ್ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತದೆ, ಅದೂ ಮೂರು ವರ್ಷದಿಂದ. ಅದಕ್ಕೆ ಅಕ್ಕಾರು ಫ್ರಿಜ್ ಮುಂದೆ ಊಟದ ಮಣೆ ಹಾಕಿಕೊಂಡಿದ್ದರು, ಅದರ ಮೇಲೆ ನಿಂತು ಬಾಗಿಲು ತೆಗೆಯುತ್ತಿದ್ದರು. ಮಲಗುವ ಕೋಣೆಯಲ್ಲಿ ಎಲ್‌ಇಡಿ ಬಲ್ಬ್ ಆಫ್ ಮಾಡಿದರೂ ರಾತ್ರಿಯೆಲ್ಲ ಮಂಕಾಗಿ ಉರಿಯುತ್ತದೆ. ಮೊಮ್ಮಗಳು ಅದಕ್ಕೆ ಮಿಣುಕುಹುಳ ಅಂತ ಹೆಸರಿಟ್ಟಿದ್ದಳು. ಮನೆಯವರ ಲೆಕ್ಕದಲ್ಲಿ ಈ ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಅಡುಗೆಮನೆ ಬೋರ್ಡ್

ಮೇನ್ ಆಫ್ ಮಾಡಿ ಬಂದು ಬೋರ್ಡಿಗೆ ಟೆಸ್ಟರ್ ಹಿಡಿದೆ. ಉರಿಯಿತು. ಹಾಲ್ ಮೂಲೆಯಲ್ಲಿ ಇನ್ವರ್ಟರ್ ಕೂತಿತ್ತು. ಮೇನ್ ಹೋದ ತಕ್ಷಣ ಅದು ತನ್ನ ಕೆಲಸ ತಾನು ಶುರು ಮಾಡಿತ್ತು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಅಂದರೆ ಕರೆಂಟ್ ಆಫ್ ಅಂತ ಅಲ್ಲ. ಸ್ವಿಚ್ ಬದಲಿಸಲು ತಾವೇ ಸ್ಕ್ರೂಡ್ರೈವರ್ ಹಿಡಿಯುವವರು ಸಿಕ್ಕಿಬೀಳುವುದು ಇಲ್ಲೇ. ಇನ್ವರ್ಟರನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ ಕಿತ್ತಿಟ್ಟು, ಮತ್ತೆ ನೋಡಿ, ಆಮೇಲೆ ಕೈ ಹಾಕಬೇಕು. ಟೆಸ್ಟರನ್ನೂ ಸುಮ್ನೆ ನಂಬಬಾರದು. ಕರೆಂಟ್ ಇರುವ ಸಾಕೆಟ್ಟಿನಲ್ಲಿ ಮೊದಲು ಹಿಡಿದು, ಅದು ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕೆಟ್ಟ ಟೆಸ್ಟರ್ ಎಲ್ಲಾ ಕಡೆ "ಕರೆಂಟ್ ಇಲ್ಲ" ಅಂತಲೇ ತೋರಿಸುತ್ತದೆ.

ಮಾಡ್ಯುಲರ್ ಬೋರ್ಡಿನಲ್ಲಿ ಹೊರಗಿನ ಪ್ಲೇಟ್ ಬರೀ ಕ್ಲಿಪ್ಪಿನ ಮೇಲೆ ಕೂರುತ್ತದೆ. ಅದರ ಹಿಂದಿನ ಫ್ರೇಮ್ ಎರಡು ಸ್ಕ್ರೂನಲ್ಲಿ ಮೆಟಲ್ ಬಾಕ್ಸಿನ ಕಿವಿಗೆ ಸೇರಿರುತ್ತದೆ. ಇಲ್ಲಿ ಬಲಗಡೆ ಕ್ಲಿಪ್ ಮುರಿದಿತ್ತು. ಪ್ಲೇಟ್ ಬಾಯಿ ಬಿಟ್ಟು ಒಂದು ಸ್ಕ್ರೂ ತಲೆ ಕಾಣುತ್ತಿತ್ತು. ಒದ್ದೆ ಬಟ್ಟೆ ತಾಗಿದ್ದು ಅದಕ್ಕೇ. ಮತ್ತೆ ಕರೆಂಟ್ ಕೊಟ್ಟು ಮಲ್ಟಿಮೀಟರ್ ಇಟ್ಟೆ. ನ್ಯೂಟ್ರಲ್‌ನಿಂದ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನಿಂದ, ಆ ಸ್ಕ್ರೂಗೆ 227 ವೋಲ್ಟ್. ಅಂದರೆ ಬಾಕ್ಸ್ ಪೂರ್ತಿ ಫೇಸ್, ಕರೆಂಟ್ ತರುವ ವೈರನ್ನೇ ಮುಟ್ಟಿದ ಹಾಗೆ. ಅವತ್ತು ಅಕ್ಕಾರ ಕಾಲಲ್ಲಿ ಒಣಗಿದ ಹವಾಯಿ ಚಪ್ಪಲಿ ಇತ್ತು. ಇನ್ನೊಂದು ಕೈ ಸ್ಟೀಲ್ ಸಿಂಕಿನ ಮೇಲೆ ಇರಲಿಲ್ಲ. ಇದಕ್ಕಿಂತ ಜಾಸ್ತಿ ಏನೂ ಹೇಳಲಾರೆ.

ಮತ್ತೆ ಎಲ್ಲಾ ಆಫ್ ಮಾಡಿ ಫ್ರೇಮ್ ಬಿಚ್ಚಿದೆ. ಅಡುಗೆಮನೆ ಗೋಡೆಗೆ ಆಮೇಲೆ ಟೈಲ್ಸ್ ಬಂದಿದೆ. ಹಾಗಾಗಿ ಬಾಕ್ಸ್ ಟೈಲ್ಸ್‌ಗಿಂತ ಒಂದು ಬೆರಳಿನಷ್ಟು ಒಳಗೆ ಕೂತಿತ್ತು. ಜೊತೆಗೆ ಬಂದ ಸ್ಕ್ರೂ ಕಿವಿಗೆ ಮುಟ್ಟಿಲ್ಲ. ಆ ಹುಡುಗ ತನ್ನ ಡಬ್ಬದಿಂದ ಎರಡು ಇಂಚಿನ ಸ್ಕ್ರೂ ತೆಗೆದು ತಿರುಗಿಸಿದ್ದಾನೆ. ಸ್ಕ್ರೂ ಕಿವಿ ದಾಟಿ, ಹಿಂದೆ ಮಡಚಿ ತುರುಕಿದ್ದ ವೈರಿನ ಗಂಟಿಗೆ ಹೋಗಿ ಚುಚ್ಚಿದೆ. ಕೆಂಪು ವೈರಿನ ಮೈಮೇಲೆ ಕಡ್ಲೆಬೇಳೆಯಷ್ಟು ಸೀಳು. ಒಳಗೆ ತಾಮ್ರ ಹೊಳೆಯುತ್ತಿತ್ತು, ಸ್ಕ್ರೂ ತುದಿಯಲ್ಲಿ ಕಪ್ಪು ಚುಕ್ಕೆ.

ಇದೇ ತಪ್ಪು ಹಳೇ ಮರದ ಬಾಕ್ಸಿನಲ್ಲಿ ಆಗಿದ್ದರೆ ಸ್ಕ್ರೂ ಮರಕ್ಕೆ ಹೋಗಿ ಕೂರುತ್ತಿತ್ತು, ಅಷ್ಟೇ. ಮರ ಕರೆಂಟನ್ನು ಸುಲಭವಾಗಿ ಬಿಡುವುದಿಲ್ಲ. ತಗಡು ಬಿಡುತ್ತದೆ. ಅದಕ್ಕೇ ಮೆಟಲ್ ಬಾಕ್ಸಿನೊಳಗೆ ಅರ್ಥ್‌ಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿಗೆ ಅಂತ ಒಂದು ಸ್ಕ್ರೂ ಕೊಟ್ಟಿರುತ್ತಾರೆ. ಈ ಮನೆಯ ಹದಿನಾಲ್ಕೂ ಬಾಕ್ಸಿನಲ್ಲಿ ಆ ಸ್ಕ್ರೂ ಕಂಪನಿಯಿಂದ ಬಂದ ಹಾಗೇ ಇತ್ತು, ಒಂದು ಸುತ್ತೂ ತಿರುಗಿರಲಿಲ್ಲ.

"ಲೈಟ್ ಸ್ವಿಚ್ಚಿಗೆ ಅರ್ಥ್ ಯಾಕಪ್ಪಾ? ಅದರಲ್ಲಿ ಇರೋದೇ ಎರಡು ತೂತು" ಅಂದರು ಮೇಷ್ಟ್ರು.

ಪ್ರಶ್ನೆ ಸರಿಯಾದದ್ದೇ. ಸ್ವಿಚ್ಚಿಗೆ ಅರ್ಥ್ ಬೇಡ. ಪ್ಲಾಸ್ಟಿಕ್ ಸ್ವಿಚ್ಚಿನಲ್ಲಿ ಫೇಸ್ ಒಳಗೆ ಬರುವುದು, ಲೈಟಿಗೆ ಹೊರಗೆ ಹೋಗುವುದು, ಎರಡೇ ಟರ್ಮಿನಲ್. ಅರ್ಥ್ ಬೇಕಾಗಿರುವುದು ಸ್ವಿಚ್ ಕೂತಿರುವ ತಗಡಿಗೆ, ಅದೇ ಬೋರ್ಡಿನ ಸಾಕೆಟ್ಟಿನ ದಪ್ಪ ತೂತಿಗೆ, ಪ್ಲೇಟ್ ಲೋಹದ್ದಾದರೆ ಅದಕ್ಕೆ, ಆಚೆ ತುದಿಯಲ್ಲಿ ಟ್ಯೂಬ್‌ಲೈಟಿನ ಕಬ್ಬಿಣದ ಪಟ್ಟಿಗೆ, ಫ್ಯಾನಿನ ಮೈಗೆ. "ಬರೀ ಸ್ವಿಚ್ ಬದಲಿಸಿದೆವು" ಅಂತ ಅವರು ಹೇಳುತ್ತಿದ್ದರು. ನಿಜಕ್ಕೂ ಬದಲಾಗಿದ್ದು ಸ್ವಿಚ್ಚಿನ ಹಿಂದಿದ್ದ ಬಾಕ್ಸ್.

ಹಸಿರು ವೈರ್ ಇದೆ, ಅರ್ಥ ಇಲ್ಲ

ಅಡುಗೆಮನೆ ಬೋರ್ಡಿನಲ್ಲಿ ಹಸಿರು ವೈರ್ ಇತ್ತು. ಸಾಕೆಟ್ಟಿನ ಅರ್ಥ್ ಪಿನ್ನಿಗೆ ನೀಟಾಗಿ ಕೊಟ್ಟಿದ್ದರು. ಅದರಿಂದಲೇ ಒಂದು ತುಂಡು ಎಳೆದು ಬಾಕ್ಸಿಗೆ ಕೊಟ್ಟು ಹೊರಡಬಹುದಿತ್ತು. ಹೊರಡುವ ಮನಸ್ಸೂ ಆಗಿತ್ತು, ಆ ದಿನ ಇನ್ನೆರಡು ಮನೆ ಬಾಕಿ ಇತ್ತು. ಫ್ರಿಜ್ ಮುಂದಿನ ಮಣೆ ತಡೆಯಿತು. ಫ್ರಿಜ್ಜಿಗೆ ಮೂರು ಪಿನ್ನಿನ ಪ್ಲಗ್ ಇದೆ, ಅದರ ಸಾಕೆಟ್ಟಿಗೂ ಹಸಿರು ವೈರ್ ಇದೆ. ಅರ್ಥಿಂಗ್ ಸರಿ ಇದ್ದರೆ ಜುಮ್ ಅನ್ನೋದು ಯಾಕೆ?

ಸೀಳಿದ ವೈರನ್ನು ಬೇರ್ಪಡಿಸಿ ಅಳೆದೆ. ಫೇಸ್‌ನಿಂದ ನ್ಯೂಟ್ರಲ್‌ಗೆ 227. ಫೇಸ್‌ನಿಂದ ಹಸಿರಿಗೆ 122. ನ್ಯೂಟ್ರಲ್‌ನಿಂದ ಹಸಿರಿಗೆ 104. ಅರ್ಥ್ ಗಟ್ಟಿ ಇದ್ದರೆ ಎರಡನೆಯದು ಹತ್ತಿರ ಹತ್ತಿರ 227 ಇರಬೇಕು, ಮೂರನೆಯದು ಒಂದೆರಡು ವೋಲ್ಟ್. ಇಲ್ಲಿ ಹಸಿರು ವೈರ್ ಎರಡರ ನಡುವೆ ತೂಗಾಡುತ್ತಿತ್ತು. ವಾಷಿಂಗ್ ಮಷೀನ್, ಇನ್ವರ್ಟರ್ ಇಂಥವುಗಳ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಅರ್ಥ್ ಕಡೆಗೆ ಇರುತ್ತವೆ. ಅರ್ಥ್ ನೆಲ ಮುಟ್ಟದಿದ್ದರೆ ಆ ಎರಡೂ ಸೇರಿ ಹಸಿರು ವೈರನ್ನು ಅರ್ಧ ವೋಲ್ಟೇಜಿಗೆ ಎತ್ತಿ ನಿಲ್ಲಿಸುತ್ತವೆ. ಫ್ರಿಜ್ ಬಾಗಿಲಿನ ಜುಮ್ ಫ್ರಿಜ್ಜಿನದ್ದಲ್ಲ, ಹಸಿರು ವೈರಿನ ಮೂಲಕ ಪಕ್ಕದ ಮಷೀನ್‌ನಿಂದ ಬರುತ್ತಿದ್ದದ್ದು. ಇನ್ನೂ ಖಾತ್ರಿ ಬೇಕಿತ್ತು. ನನ್ನ ಹತ್ತಿರ ಹಳೇ 100 ವ್ಯಾಟಿನ ಬಲ್ಬು, ಹೋಲ್ಡರ್, ಎರಡು ವೈರ್ ಇದೆ. ಫೇಸ್‌ಗೂ ಹಸಿರಿಗೂ ಮುಟ್ಟಿಸಿದೆ. ಬಲ್ಬಿನ ತಂತಿ ಕೆಂಪೂ ಆಗಲಿಲ್ಲ.

ಹಾಗಾದರೆ ಈ ಹಸಿರು ವೈರ್ ಹೋಗುವುದು ಎಲ್ಲಿಗೆ? ಬೋರ್ಡಿನಿಂದ ಮೇನ್‌ಗೆ, ಮೇನ್‌ನಿಂದ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯಾಗಿ ಗೋಡೆ ದಾಟಿ ಹಿತ್ತಲಿಗೆ, ಅಲ್ಲಿಂದ ಬಚ್ಚಲುಮನೆಯ ನಲ್ಲಿ ಪೈಪಿಗೆ ಒಂದು ಕ್ಲಾಂಪ್. ಮನೆ ಕಟ್ಟಿದಾಗ ನಲ್ಲಿ ಪೈಪ್ ಜಿಐ ಕಬ್ಬಿಣದ್ದು, ಬೀದಿಯವರೆಗೂ ನೆಲದೊಳಗೇ ಹೋಗಿತ್ತು. ಆಗ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಿದ್ದರು. ಸರಿಯಾದ ಪದ್ಧತಿ ಅಲ್ಲ, ಆದರೂ ನಡೆಯುತ್ತಿತ್ತು. ಮೂರು ವರ್ಷದ ಹಿಂದೆ ಪೈಪ್ ತುಕ್ಕು ಹಿಡಿದು ಸೋರಿತು ಅಂತ ಪ್ಲಂಬರ್ ಬೀದಿಯಿಂದ ಮನೆವರೆಗೆ ಪಿವಿಸಿ ಹಾಕಿದ. ಗೋಡೆಯೊಳಗಿನ ಮೂರಡಿ ಕಬ್ಬಿಣದ ತುಂಡು ಮಾತ್ರ ಹಾಗೇ ಉಳಿಯಿತು. ಕ್ಲಾಂಪ್ ಅದರ ಮೇಲೇ ಭದ್ರವಾಗಿ ಕೂತಿತ್ತು.

ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿದರು. "ಹಂಗಾರೆ ಹಸಿರು ವೈರ್ ಇದೆ, ಅರ್ಥ ಇಲ್ಲ ಅನ್ನು" ಅಂದರು. ಕನ್ನಡ ಮೇಷ್ಟ್ರು ಅಲ್ವಾ.

ಫ್ರಿಜ್ ಜುಮ್ ಅನ್ನಲು ಶುರುವಾಗಿದ್ದು ಯಾವಾಗ ಅಂತ ಅಕ್ಕಾರನ್ನು ಕೇಳಿದೆ. ಪೈಪ್ ಹಾಕಿಸಿದ ವರ್ಷವೇ. ಪ್ಲಂಬರನ್ನು ದೂರಲು ಬರುವುದಿಲ್ಲ. ಅವನಿಗೆ ಆ ಕ್ಲಾಂಪ್ ಒಂದು ತುಕ್ಕು ಹಿಡಿದ ಪಟ್ಟಿ, ಅಷ್ಟೇ.

ಅರ್ಧಂಬರ್ಧ ಅರ್ಥಿಂಗ್ ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು ಅಂತ ನಾನು ಹೇಳುವುದು ಇದಕ್ಕೇ. ಅವತ್ತು ನಾನು ಅವಸರದಲ್ಲಿ, ಸೀಳಿದ ವೈರ್ ನೋಡದೆ, ಬಾಕ್ಸನ್ನು ಆ ಹಸಿರಿಗೆ ಸೇರಿಸಿ ಹೋಗಿದ್ದರೆ ಏನಾಗುತ್ತಿತ್ತು? ಬಾಕ್ಸಿನ 227 ವೋಲ್ಟ್ ಹಸಿರು ವೈರ್ ಹಿಡಿದು ಫ್ರಿಜ್ ಬಾಗಿಲಿಗೆ, ವಾಷಿಂಗ್ ಮಷೀನಿಗೆ, ಗೀಸರ್ ಮೈಗೆ, ಕೊನೆಗೆ ಬಚ್ಚಲುಮನೆ ನಲ್ಲಿಗೆ ಬರುತ್ತಿತ್ತು. ಫ್ಯೂಸ್ ಹೋಗುತ್ತಿರಲಿಲ್ಲ, ಏಕೆಂದರೆ ಕರೆಂಟಿಗೆ ನೆಲದ ದಾರಿಯೇ ಇಲ್ಲ. ಒಂದು ಬೋರ್ಡಿನ ತಪ್ಪನ್ನು ಮನೆ ತುಂಬ ಹಂಚಿದ ಹಾಗೆ ಆಗುತ್ತಿತ್ತು.

ನ್ಯೂಟ್ರಲ್ ಲೂಪ್ ಮಾತು

ಹಿತ್ತಲಲ್ಲಿ ಹೊಸ ಅರ್ಥ್ ಗುಂಡಿ ತೆಗೆಯಬೇಕು ಅಂದೆ. ಸಂಜೆ ಮಗ ಫೋನ್ ಮಾಡಿದ. ಮೇಷ್ಟ್ರು ಸ್ಪೀಕರ್‌ಗೆ ಹಾಕಿದರು.

"ಅಣ್ಣಾ, ಹಿತ್ತಲು ಅಗೆಯೋದು ಯಾಕೆ? ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಚಿಕ್ಕ ವೈರ್ ಕೊಟ್ರೆ ಆಗಲ್ವಾ? ನಮ್ಮ ಫ್ಲ್ಯಾಟಲ್ಲಿ ಒಬ್ರು ಹಂಗೇ ಮಾಡ್ಕೊಂಡಿದಾರೆ, ಶಾಕ್ ನಿಂತೋಯ್ತಂತೆ."

"ನಿಲ್ಲುತ್ತಪ್ಪಾ. ಕಂಬದಲ್ಲಿ ನ್ಯೂಟ್ರಲ್ ಕಿತ್ತುಹೋಗೋವರೆಗೆ ನಿಲ್ಲುತ್ತೆ."

ವಿವರಿಸಿದೆ. ಏಪ್ರಿಲ್, ಮೇನಲ್ಲಿ ಈ ಊರಿನ ಗಾಳಿಮಳೆ ಗೊತ್ತಲ್ಲ. ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ಸಡಿಲಾಗಲು ಒಂದು ರಾತ್ರಿ ಸಾಕು. ನ್ಯೂಟ್ರಲ್ ಹೋದರೆ ಮನೆ ಕತ್ತಲಾಗುತ್ತದೆ, ಕರೆಂಟ್ ಹೋಯ್ತು ಅಂದುಕೊಳ್ಳುತ್ತೇವೆ. ಆದರೆ ಫೇಸ್ ಇರುತ್ತದೆ. ಆನ್ ಇರುವ ಒಂದು ಬಲ್ಬಿನ ಮೂಲಕವೋ ಫ್ಯಾನಿನ ಮೂಲಕವೋ ಅದು ನ್ಯೂಟ್ರಲ್ ವೈರಿಗೆ ಬರುತ್ತದೆ, ಅಲ್ಲಿಂದ ಆ ಚಿಕ್ಕ ಲೂಪ್ ದಾಟಿ ಫ್ರಿಜ್ ಬಾಗಿಲಿಗೆ ಬರುತ್ತದೆ. ಕತ್ತಲಲ್ಲಿ ನೀರಿನ ಬಾಟಲಿಗೆ ಅಂತ ಕೈ ಹಾಕುವುದು ಅದೇ ಬಾಗಿಲಿಗೆ. ಈ ಮನೆಯಲ್ಲಂತೂ ಮೇನ್‌ನಲ್ಲಿ ಎರಡು ಕಿಟ್‌ಕ್ಯಾಟ್, ಅಂದರೆ ಪಿಂಗಾಣಿ ಫ್ಯೂಸ್ ಇದ್ದವು, ಫೇಸ್‌ಗೊಂದು, ನ್ಯೂಟ್ರಲ್‌ಗೊಂದು. ಹಳೇ ಕಾಲದ ಪದ್ಧತಿ. ನ್ಯೂಟ್ರಲ್ ಫ್ಯೂಸ್ ಮೊದಲು ಸುಟ್ಟರೂ ಇದೇ ಕಥೆ. ಗಾಳಿಮಳೆಯೂ ಬೇಕಿಲ್ಲ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಗೀರಿ ಅಣ್ಣಾ" ಅಂದ.

ಗುಂಡಿ

ಹಿತ್ತಲಲ್ಲಿ, ಗೋಡೆಯಿಂದ ಐದಡಿ ಆಚೆ, ಬಟ್ಟೆ ಒಗೆಯುವ ನೀರು ಹರಿದು ಹೋಗುವ ಜಾಗ ಆರಿಸಿದೆ. ಮೇಲಿನ ಎರಡಡಿ ತುಂಬಿಸಿದ ಮಣ್ಣು, ಇಟ್ಟಿಗೆ ಚೂರು. ಅದರ ಕೆಳಗೆ ಕರಿ ಎರೆ. ನನಗೆ ಸಮಾಧಾನವಾಯಿತು. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಅರ್ಥ್ ಒಳ್ಳೇದು ಸಿಗುತ್ತದೆ. ಇದೇ ಕೆಲಸ ಚಿತ್ರದುರ್ಗದಲ್ಲಿ, ಕೋಟೆ ಕೆಳಗಿನ ಬಂಡೆ ನೆಲದಲ್ಲಿ ಮಾಡಿದ್ದೇನೆ. ನಾಲ್ಕಡಿಗೆ ಹಾರೆ ಠಣ್ ಅಂದರೆ ಮುಗಿಯಿತು, ಒಂದರ ಜಾಗದಲ್ಲಿ ಮೂರು ಗುಂಡಿ ತೆಗೆದು ಜೋಡಿಸಬೇಕು.

ಎರಡೂವರೆ ಮೀಟರ್ ಉದ್ದದ, 40 ಎಂಎಂ ದಪ್ಪದ ಜಿಐ ಪೈಪ್. ಮೈಯಲ್ಲೆಲ್ಲ ತೂತು. ನೆಟ್ಟಗೆ ನಿಲ್ಲಿಸಿ ಸುತ್ತ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ. ಮೇಲೆ ನೀರು ಹೊಯ್ಯಲು ಬಾಯಿ, ಅದರ ಮೇಲೊಂದು ಮುಚ್ಚಳ. ಈಗ ಪುಡಿ ತುಂಬಿದ ಕೆಮಿಕಲ್ ಅರ್ಥಿಂಗ್ ಬಂದಿದೆ, ಉಪ್ಪು ಪೈಪನ್ನು ಬೇಗ ತಿನ್ನುತ್ತದೆ ಅನ್ನುವುದೂ ನಿಜ. ಮನೆಯವರಿಗೆ ಖರ್ಚು ಕಮ್ಮಿ ಬೇಕಿತ್ತು, ಹಳೇ ರೀತಿಯಲ್ಲೇ ಮಾಡಿದೆ. ಅಕ್ಕಾರು ಕಲ್ಲುಪ್ಪಿನ ಚೀಲ ನೋಡಿ, "ಉಪ್ಪಿನಕಾಯಿ ಹಾಕ್ತೀಯೇನಪ್ಪಾ?" ಅಂದರು.

ಅಳೆಯುವುದೇ ಕಷ್ಟವಾಯಿತು. ಅರ್ಥ್ ಟೆಸ್ಟರಿಗೆ ಎರಡು ಸಣ್ಣ ಗೂಟ ದೂರದಲ್ಲಿ ಹೊಡೆಯಬೇಕು. ಒಂದು ಸುಮಾರು 20 ಮೀಟರ್‌ಗೆ, ಇನ್ನೊಂದು ಅದೇ ಸಾಲಿನಲ್ಲಿ 12 ಮೀಟರ್ ಸುಮಾರಿಗೆ. ಹಳೇ ದಾವಣಗೆರೆ ಗಲ್ಲಿಯಲ್ಲಿ 20 ಮೀಟರ್ ಮಣ್ಣು ಎಲ್ಲಿ ಸಿಗಬೇಕು? ಹಿಂದಿನ ಖಾಲಿ ಸೈಟಿನವರನ್ನು ಕೇಳಿ, ಅವರ ಎಮ್ಮೆ ಕಟ್ಟಿದ ಗೂಟದ ಪಕ್ಕ ನನ್ನ ಗೂಟ ಹೊಡೆದೆ. ನೆಲದ ತಡೆ ಬಂದಿದ್ದು ಐದೂವರೆ ಓಮ್. ಇದು ಕಮ್ಮಿ ಇದ್ದಷ್ಟೂ ಒಳ್ಳೇದು.

ಐದೂವರೆ ಓಮ್ ಮನೆಗೆ ಒಳ್ಳೆಯ ಅಂಕಿಯೇ. ಆದರೂ ಇಷ್ಟೇ ಸಾಕಾ? ಲೆಕ್ಕ ಹಾಕಿ. 230 ಭಾಗಿಸು ಐದೂವರೆ, ಹೆಚ್ಚೆಂದರೆ 42 ಆಂಪಿಯರ್. ಫ್ರಿಜ್ ಸಾಕೆಟ್ಟಿನ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್), ಮನೆಗಳಲ್ಲಿ ಹಾಕುವ ಸಿ ಟೈಪ್, ತಟ್ಟನೆ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು ಬೇಕು. ಅಂದರೆ 80ರಿಂದ 160. 42ಕ್ಕೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುತ್ತದೆ. ಅಷ್ಟು ಹೊತ್ತು ಫ್ರಿಜ್ ಬಾಗಿಲಲ್ಲಿ ಕರೆಂಟ್ ಇರುತ್ತದೆ. ಹಾಗಾಗಿ ಒಳ್ಳೇ ಗುಂಡಿ ಇದ್ದರೂ ಆರ್‌ಸಿಸಿಬಿ ಬೇಕೇ ಬೇಕು. ಅದು ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ಬೇರೆ ದಾರಿ ಹಿಡಿದರೆ ಸೆಕೆಂಡಿನ ಒಂದು ಚೂರಿನಲ್ಲಿ ಕಡಿದುಬಿಡುತ್ತದೆ. ಕಿಟ್‌ಕ್ಯಾಟ್ ಎರಡನ್ನೂ ತೆಗೆದು, ಫೇಸ್ ನ್ಯೂಟ್ರಲ್ ಒಟ್ಟಿಗೇ ಕಡಿಯುವ ಡಬಲ್ ಪೋಲ್ ಎಂಸಿಬಿ, ಅದರ ಕೆಳಗೆ 40 ಆಂಪಿಯರ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿದೆ. ಮೀಟರ್ ಮತ್ತು ಅದರ ಸೀಲ್ ಬೆಸ್ಕಾಂನವರದ್ದು. ಅದರ ಆಚೆಗೆ ನಾನು ಕೈ ಹಾಕುವುದಿಲ್ಲ.

ಮೆಟ್ಟಿಲ ಲೈಟು

ಆರ್‌ಸಿಸಿಬಿ ಹಾಕಿ ಆನ್ ಮಾಡಿದೆ. ಬೀಳದೆ ನಿಂತಿತು. ಎಲ್ಲಾ ಲೈಟ್, ಫ್ಯಾನ್, ಫ್ರಿಜ್ ಹಾಕಿದೆವು, ನಿಂತಿತು. ಚಹಾ ಬಂತು. ಏಳು ಗಂಟೆಗೆ ಟಪ್ ಅಂತ ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಒಂದೊಂದೇ ಸರ್ಕ್ಯೂಟ್ ಬಿಡಿಸಿ ನೋಡಿದೆ, ಯಾವುದರಲ್ಲೂ ಲೀಕೇಜ್ ಇಲ್ಲ. ನನ್ನ ಕೈಕೆಲಸದಲ್ಲೇ ಏನೋ ತಪ್ಪಾಯ್ತಾ ಅಂತ ಬೆವರಿದ್ದು ಸುಳ್ಳಲ್ಲ. ಅಷ್ಟರಲ್ಲಿ ಮೇಲಿನ ಬಾಡಿಗೆಯ ಹುಡುಗಿ ಇಳಿದು ಬಂದು, "ಅಂಕಲ್, ಮೆಟ್ಟಿಲ ಲೈಟ್ ಹೋಯ್ತು" ಅಂದಳು.

ಮೆಟ್ಟಿಲ ಲೈಟು ಮೇಲಿನವರ ಮೀಟರಿನದ್ದು. ಫೇಸ್ ಅವರದ್ದು. ನ್ಯೂಟ್ರಲ್ ಮಾತ್ರ, ವೈರ್ ಉಳಿಸಲು, ಯಾವತ್ತೋ ಯಾರೋ ಕೆಳಗಿನ ಬೋರ್ಡಿನಿಂದ ತೆಗೆದಿದ್ದರು. ಅವಳು ಲೈಟ್ ಹಾಕಿದಾಗೆಲ್ಲ ಮೇಲಿನಿಂದ ಹೊರಟ ಕರೆಂಟು ಕೆಳಗಿನ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿತ್ತು. 9 ವ್ಯಾಟ್ ಬಲ್ಬು ಎಳೆಯುವುದು 40 ಮಿಲಿ ಆಂಪಿಯರ್ ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ. ಆರ್‌ಸಿಸಿಬಿಗೆ ಅಷ್ಟು ಸಾಕು. ಅದರ ತಪ್ಪಿಲ್ಲ. ಆ ಬಲ್ಬಿಗೆ ಮೇಲಿನಿಂದಲೇ ನ್ಯೂಟ್ರಲ್ ಎಳೆದೆ, ಮುಗಿಯಿತು. "ಆರ್‌ಸಿಸಿಬಿ ಸುಮ್‌ಸುಮ್ನೆ ಬೀಳುತ್ತೆ" ಅಂತ ಕಿತ್ತು ಹಾಕಿಸಿದ ಮನೆಗಳನ್ನು ನೋಡಿದ್ದೇನೆ. ಅಲ್ಲೆಲ್ಲ ಹೀಗೆ ಕದ್ದ ನ್ಯೂಟ್ರಲ್ ಒಂದು ಎಲ್ಲೋ ಇದ್ದೇ ಇರುತ್ತಿತ್ತು.

ಮಿಣುಕುಹುಳ

ಮಲಗುವ ಕೋಣೆಯ ಬಲ್ಬಿನದ್ದು ಚಿಕ್ಕ ಕೆಲಸ, ಆದರೆ ನನಗೆ ಅದೇ ಜಾಸ್ತಿ ಇಷ್ಟವಾಯಿತು. ಸ್ವಿಚ್ ಆಫ್ ಮಾಡಿ, ಬಲ್ಬ್ ತೆಗೆದು, ಹೋಲ್ಡರಿನ ಎರಡು ಪಿನ್ನಿಗೂ ಟೆಸ್ಟರ್ ಹಿಡಿದೆ. ಎರಡೂ ಸತ್ತಿರಬೇಕು. ಒಂದು ಉರಿಯಿತು. ಅಂದರೆ ಸ್ವಿಚ್ ಕೂತಿರುವುದು ನ್ಯೂಟ್ರಲ್ ವೈರಿನಲ್ಲಿ. ಸ್ವಿಚ್ ಆಫ್ ಮಾಡಿದರೂ ಫೇಸ್ ಹೋಲ್ಡರ್‌ವರೆಗೆ ಬಂದು ಕಾದು ನಿಂತಿರುತ್ತದೆ. ವೈರುಗಳು ಒಂದೇ ಪೈಪಿನಲ್ಲಿ ಜೊತೆಯಾಗಿ ಹೋಗುವುದರಿಂದ ಅತಿ ಸಣ್ಣ ಕರೆಂಟ್ ಒಂದರಿಂದ ಒಂದಕ್ಕೆ ದಾಟುತ್ತದೆ, ಎಲ್‌ಇಡಿ ಮಂಕಾಗಿ ಬೆಳಗಲು ಅಷ್ಟು ಸಾಕು. ಹಳೇ ಬಲ್ಬಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಸ್ವಿಚ್ಚಿನಲ್ಲೇ ಇಂಡಿಕೇಟರ್ ದೀಪ ಇದ್ದರೂ ಹೀಗೆ ಮಿಣುಗಬಹುದು, ಆದರೆ ಇಲ್ಲಿ ಇರಲಿಲ್ಲ.

ತಪ್ಪು ಹೊಸ ಹುಡುಗನದ್ದಲ್ಲ. ಸೀಲಿಂಗ್ ಹತ್ತಿರದ ಜಂಕ್ಷನ್ ಬಾಕ್ಸ್ ಬಿಚ್ಚಿದರೆ 1986ರ ಟೇಪ್ ಸುತ್ತಿದ ಜಾಯಿಂಟ್. ಎರಡು ವೈರೂ ಒಂದೇ ಮಾಸಲು ಬಣ್ಣ. ಯಾರೋ ಅದಲು ಬದಲು ಮಾಡಿದ್ದರು. ಇಷ್ಟೂ ವರ್ಷ ಆ ಮನೆಯಲ್ಲಿ ಬಲ್ಬ್ ಬದಲಿಸಿದವರೆಲ್ಲ ಸ್ವಿಚ್ ಆಫ್ ಇದೆ ಅಂತ ನಂಬಿ ಸ್ಟೂಲ್ ಹತ್ತಿದ್ದಾರೆ. ತಿರುಗಿಸಿ ಕೊಟ್ಟೆ. ಆ ರಾತ್ರಿಯಿಂದ ಮಿಣುಕುಹುಳ ಇಲ್ಲ. ಮೊಮ್ಮಗಳು ವಿಡಿಯೋ ಕಾಲಿನಲ್ಲಿ ನನ್ನ ಮೇಲೆ ಸಿಟ್ಟು ಮಾಡಿದಳಂತೆ.

ಉಳಿದ ಬೋರ್ಡುಗಳು

ಹದಿನಾಲ್ಕನ್ನೂ ಬಿಚ್ಚಿದೆ. ಇನ್ನೆರಡು ಕಡೆ ವೈರ್ ಗಾಯವಾಗಿತ್ತು. ಅಲ್ಲಿ ಸ್ಕ್ರೂ ಅಲ್ಲ, ಬಾಕ್ಸಿನ ತೂತಿನ ಅಂಚು. ತಟ್ಟಿ ತೆಗೆದ ತಗಡಿನ ತೂತು ಬ್ಲೇಡಿನ ಹಾಗೆ ಇರುತ್ತದೆ. ಅದಕ್ಕೊಂದು ರಬ್ಬರ್ ಬುಷ್ ಹಾಕಿದರೆ ಮುಗಿಯಿತು, ಆದರೆ ಯಾರೂ ಹಾಕುವುದಿಲ್ಲ. ಹಾಕಿದೆ. ಟೈಲ್ಸ್ ಇರುವ ಕಡೆ ಸ್ಕ್ರೂವನ್ನು ಅಳೆದು ಕತ್ತರಿಸಿದೆ.

ಐದು ಬೋರ್ಡಿಗೆ ಹಸಿರು ವೈರ್ ಇತ್ತು, ಒಂಬತ್ತಕ್ಕೆ ಇರಲೇ ಇಲ್ಲ. ಹಳೇ ಪೈಪಿನಲ್ಲಿ ಹೊಸ ವೈರ್ ಎಳೆಯುವುದು ಪೂರ್ತಿ ಎರಡು ದಿನದ ಕೆಲಸ. ಸ್ಪ್ರಿಂಗ್ ಬಿಟ್ಟು, ಮೈಗೆ ಹಾಕುವ ಪೌಡರ್ ಸವರಿ, ಒಬ್ಬ ಈ ಕಡೆ ತಳ್ಳುತ್ತಾ ಒಬ್ಬ ಆ ಕಡೆ ಎಳೆಯುತ್ತಾ. ಏಳಕ್ಕೆ ಒಂದೂವರೆ ಸ್ಕ್ವೇರ್ ಎಂಎಂ ಹಸಿರು ವೈರ್ ಹೋಯಿತು. ಎರಡಕ್ಕೆ ಏನು ಮಾಡಿದರೂ ಹೋಗಲಿಲ್ಲ, ಬಾಗಿನಲ್ಲಿ ಸಿಕ್ಕಿಕೊಂಡಿತು. ಹೊಸ ಬಣ್ಣದ ಗೋಡೆ ಒಡೆಯಲು ಮೇಷ್ಟ್ರು ಒಪ್ಪಲಿಲ್ಲ. ಆ ಎರಡರಲ್ಲೂ ಬರೀ ಲೈಟ್ ಸ್ವಿಚ್ಚು, ಸಾಕೆಟ್ ಇಲ್ಲ. ಮೆಟಲ್ ಬಾಕ್ಸ್ ತೆಗೆದು ಪಿವಿಸಿ ಬಾಕ್ಸ್ ಕೂರಿಸಿದೆ. ಮುಂದೆ ಅಲ್ಲಿ ಯಾರಾದರೂ ಸಾಕೆಟ್ ಸೇರಿಸಿಬಿಟ್ಟರೆ? ಪ್ಲೇಟಿನ ಒಳಗೆ ಮಾರ್ಕರ್‌ನಲ್ಲಿ "ಅರ್ಥ್ ಇಲ್ಲ" ಅಂತ ಬರೆದಿಟ್ಟಿದ್ದೇನೆ.

ಉಳಿದ ಹನ್ನೆರಡರಲ್ಲಿ ಹಸಿರು ವೈರನ್ನು ಕವಲು ಮಾಡಿದೆ, ಒಂದು ಬಾಕ್ಸಿನ ಸ್ಕ್ರೂಗೆ ಲಗ್ ಹಾಕಿ, ಸಾಕೆಟ್ ಇದ್ದ ಕಡೆ ಇನ್ನೊಂದು ಅದರ ಪಿನ್ನಿಗೆ. ನಾಳೆ ಸಾಕೆಟ್ ಬದಲಿಸುವಾಗ ಅದರ ವೈರ್ ಬಿಚ್ಚಿದರೂ ಬಾಕ್ಸಿನ ಅರ್ಥ್ ಉಳಿಯಬೇಕು. ಬಲ್ಬುಗಳನ್ನೆಲ್ಲ ತೆಗೆದು, ಪ್ಲಗ್ ಎಲ್ಲ ಕಿತ್ತು, ವೈರಿನ ಹೊದಿಕೆ ಗಟ್ಟಿ ಇದೆಯಾ ಅಂತ ನೋಡುವ 500 ವೋಲ್ಟ್ ಮೆಗ್ಗರ್ ಹಿಡಿದೆ. ಅಡುಗೆಮನೆಯಲ್ಲಿ ಮೊದಲು ಫೇಸ್‌ಗೂ ಬಾಕ್ಸಿಗೂ ಸೊನ್ನೆ ಇತ್ತು, ಈಗ ಮುಳ್ಳು ಆ ತುದಿಗೆ ಹೋಗಿ ನಿಂತಿತು. ಕೊನೆಗೆ ಮತ್ತೆ ಮೊದಲಿನ ಮೂರು ಅಳತೆ: 229, 228, ಮತ್ತು ನ್ಯೂಟ್ರಲ್‌ನಿಂದ ಹಸಿರಿಗೆ ಒಂದೂವರೆ ವೋಲ್ಟ್. 100 ವ್ಯಾಟ್ ಬಲ್ಬನ್ನು ಫೇಸ್‌ಗೂ ಅರ್ಥ್‌ಗೂ ಮುಟ್ಟಿಸಿದೆ. ಅದು ಒಮ್ಮೆ ಮಿಂಚುವಷ್ಟರಲ್ಲಿ ಆರ್‌ಸಿಸಿಬಿ ಬಿತ್ತು. ಮೇಷ್ಟ್ರಿಗೆ ಅದರ ಟೆಸ್ಟ್ ಬಟನ್ ತೋರಿಸಿ, ತಿಂಗಳಿಗೊಮ್ಮೆ ಒತ್ತಿ ಅಂದೆ. ಪಿಂಚಣಿ ಬರುವ ದಿನ ಒತ್ತುತ್ತೇನೆ, ಮರೆಯಲ್ಲ ಅಂದರು. ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ನೀರು, ಅದು ಅಕ್ಕಾರ ಪಾಲು.

ಮಣೆ ಊಟದ ಜಾಗಕ್ಕೆ ವಾಪಸ್ ಹೋಯಿತು. ಮೇಲಿನ ಮನೆಯಲ್ಲಿ ಇನ್ನೂ ಹಳೇ ಮರದ ಬೋರ್ಡ್‌ಗಳೇ ಇವೆ. ಅವರಿಗೂ ಹೊಸ ಸ್ವಿಚ್ ಬೇಕಂತೆ. ಮುಂದಿನ ದಸರಾಕ್ಕೆ ನೋಡೋಣ ಅಂದಿದ್ದಾರೆ ಮೇಷ್ಟ್ರು. ಗುಂಡಿಯಿಂದ ಮೇಲಕ್ಕೆ ವೈರ್ ಎಳೆದು, ಅಲ್ಲಿಗೂ ಒಂದು ಆರ್‌ಸಿಸಿಬಿ ಹಾಕೋವರೆಗೂ ಆ ಮರದ ಬಾಕ್ಸ್ ಯಾರೂ ಕೀಳಬಾರದು ಅಂತ ಬಾಡಿಗೆಯವರಿಗೂ, ಪೇಂಟರ್‌ಗೂ ಹೇಳಿ ಬಂದಿದ್ದೇನೆ.